ಫೇಲಾದದ್ದನ್ನು ಜೋಪಾನ ಮಾಡಿ

ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ಒಂದು ಹಳೆಯ ದಿನವಹಿ ಪುಸ್ತಕವಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಎಂಬ ಭಾರಿ ಗಣಕಯಂತ್ರವನ್ನು ನಡೆಸುತ್ತಿದ್ದವರು 1947ರ ಸೆಪ್ಟೆಂಬರ್ 9ರಂದು ಬರೆದ ಪುಟ ಅದರಲ್ಲಿದೆ. ಆ ಪುಟಕ್ಕೆ ಒಂದು ಸತ್ತ ಪತಂಗವನ್ನು ಟೇಪು ಹಾಕಿ ಅಂಟಿಸಿದ್ದಾರೆ. ಯಂತ್ರದ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನೊಳಗೆ ಸಿಕ್ಕಿಕೊಂಡಿದ್ದ ಹುಳ ಅದು. ಕಂಪ್ಯೂಟರ್ ಓದಿದವರೆಲ್ಲ ಈ ಪತಂಗದ ಕಥೆ ಕೇಳಿರುತ್ತಾರೆ. ನೋಡಲು ಹೋದವರೂ ಪತಂಗವನ್ನೇ ನೋಡಿ ಬರುತ್ತಾರೆ. ಇವತ್ತು ನಾವು ಹುಳವನ್ನು ಬಿಟ್ಟು ಅದರ ಸುತ್ತ ಬರೆದಿರುವುದನ್ನು ಗಮನಿಸೋಣ.

ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ ಯಂತ್ರದ ಕೂಡುವ ಭಾಗದ ಪರೀಕ್ಷೆ ಶುರುವಾಯಿತು ಎಂದು ಒಂದು ಸಾಲು. 3 ಗಂಟೆ 45 ನಿಮಿಷಕ್ಕೆ ಎಫ್ ಪ್ಯಾನೆಲ್ಲಿನ 70ನೇ ರಿಲೇಯಲ್ಲಿ ಪತಂಗ ಸಿಕ್ಕಿತು ಎಂದು ಇನ್ನೊಂದು. ನಾಲ್ಕೂವರೆಗೆ ಬೇರೆ ಲೆಕ್ಕ ಶುರು, ಐದಕ್ಕೆ ಯಂತ್ರ ಬಂದ್. ಯಾವ ಪರೀಕ್ಷೆ ನಡೆಯುತ್ತಿತ್ತು, ಎಷ್ಟು ಹೊತ್ತಿಗೆ ತೊಡಕು ಕಂಡಿತು, ಯಂತ್ರದ ಯಾವ ಜಾಗದಲ್ಲಿ, ಅದಕ್ಕೆ ಸಾಕ್ಷಿ ಏನು, ಆಮೇಲೆ ಏನಾಯಿತು, ಇಷ್ಟಕ್ಕೂ ಒಂದೇ ಪುಟದಲ್ಲಿ ಉತ್ತರವಿದೆ. ಬರೆದವರನ್ನು ಕೇಳದೆಯೇ ಇಂದೂ ನಾವು ಆ ಮಧ್ಯಾಹ್ನ ನಡೆದದ್ದನ್ನು ತಿಳಿಯಬಹುದು.

ಈಗ ಪರೀಕ್ಷೆ ನಡೆಸುವುದೂ ಯಂತ್ರ, ಫಲಿತಾಂಶ ಬರೆಯುವುದೂ ಯಂತ್ರ. ಹಾಗೆ ಬರೆದದ್ದರಲ್ಲಿ ಯಾವುದನ್ನು ಉಳಿಸಬೇಕು, ಎಷ್ಟು ಕಾಲ ಉಳಿಸಬೇಕು, ಯಾವುದನ್ನು ಧೈರ್ಯವಾಗಿ ಎಸೆಯಬಹುದು ಎನ್ನುವುದು ಇಂದಿನ ಮಾತಿನ ವಿಷಯ.

ಸಾಫ್ಟ್‌ವೇರ್ ಕೆಲಸದಲ್ಲಿ ಇಲ್ಲದ ಕೇಳುಗರಿಗಾಗಿ ಒಂದೆರಡು ಮಾತು. ಮೊಬೈಲಿನಲ್ಲಿ ಹಣ ಕಳಿಸುವ ಆ್ಯಪ್ ಇದೆ ಎನ್ನಿ. ಅದನ್ನು ಕಟ್ಟುವವರು ಕೋಡ್‌ನಲ್ಲಿ ಒಂದೇ ಒಂದು ಸಾಲು ಬದಲಿಸಿದರೂ ಸರ್ವರ್ ತಾನಾಗಿಯೇ ಸಾವಿರಾರು ಟೆಸ್ಟ್‌ಗಳನ್ನು ಓಡಿಸುತ್ತದೆ. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ಕಳಿಸಲು ಹೊರಟರೆ ತಡೆಯುತ್ತದೆಯೇ? ಪಿನ್ ತಪ್ಪಾದರೆ? ಹಣ ಹೊರಟು ನಡುದಾರಿಯಲ್ಲಿ ನೆಟ್‌ವರ್ಕ್ ಹೋದರೆ? ಒಂದೊಂದಕ್ಕೂ ಉತ್ತರ ಪಾಸ್ ಅಥವಾ ಫೇಲ್. ಎಲ್ಲ ಪಾಸಾದರೆ ಪರದೆಯ ಮೇಲೆ ಹಸಿರು, ಒಂದು ಫೇಲಾದರೂ ಕೆಂಪು. ಈ ಕೆಲಸ ಮಾಡಿಸುವ ಸಾಧನಗಳಲ್ಲಿ ತುಂಬ ಹೆಸರಾದದ್ದು ಜೆಂಕಿನ್ಸ್. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿದ್ದ ಕೊಸುಕೆ ಕವಾಗುಚಿ ಅದನ್ನು ಹಡ್ಸನ್ ಎಂಬ ಹೆಸರಿನಲ್ಲಿ ಶುರು ಮಾಡಿದರು. 2011ರಲ್ಲಿ ಅದು ಜೆಂಕಿನ್ಸ್ ಆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಈ ಹೆಸರು ಕೇಳದವರು ಕಡಿಮೆ.

ದಿನಕ್ಕೆ ಹತ್ತಿಪ್ಪತ್ತು ಸಲ ಹೀಗೆ ಟೆಸ್ಟ್‌ಗಳು ಓಡಿದರೆ ಫಲಿತಾಂಶ ರಾಶಿ ಬೀಳುತ್ತದೆ. ಒಂದು ದಿನ ಸರ್ವರಿನ ಡಿಸ್ಕ್ ತುಂಬಿ ಕೆಲಸ ನಿಲ್ಲುತ್ತದೆ. ಆಗ ಯಾರೋ ಒಬ್ಬರು ಹಳೆಯ ಬಿಲ್ಡ್‌ಗಳನ್ನು, ಅಂದರೆ ಹಿಂದಿನ ಓಟಗಳ ದಾಖಲೆಗಳನ್ನು, ಅಳಿಸಿಹಾಕುವ ಆಯ್ಕೆಗೆ ಟಿಕ್ ಹಾಕುತ್ತಾರೆ. ಅಲ್ಲಿಗೆ ತಲೆನೋವು ಮುಗಿಯಿತು. ಕೆಲವು ಕಡೆ ಟಿಕ್ ಹಾಕುವ ಶ್ರಮವೂ ಬೇಡ. ಗಿಟ್‌ಹಬ್‌ನ ಆ್ಯಕ್ಷನ್ಸ್ ಸೇವೆಯಲ್ಲಿ ನಾವಾಗಿ ಏನೂ ಬದಲಿಸದಿದ್ದರೆ ಓಟದ ಸಾಲುಸಾಲು ದಾಖಲೆಯಾದ ಲಾಗ್‌ಗಳೂ ಜೊತೆಗಿನ ಕಡತಗಳೂ 90 ದಿನಕ್ಕೆ ತಾವಾಗಿಯೇ ಅಳಿಯುತ್ತವೆ. ಯಾಕೆ ಅಳಿಸಿದಿರಿ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಬೇಕಾದರೆ ಮತ್ತೆ ಓಡಿಸಿದರಾಯಿತಲ್ಲ."

ನನ್ನ ತಕರಾರು ಇರುವುದು ಈ ಉತ್ತರದ ಬಗ್ಗೆ. ಕೋಡಿನ ಪ್ರತಿ ಬದಲಾವಣೆಯನ್ನೂ ಉಳಿಸಿಡುವ ಗಿಟ್ ಎಂಬ ಸಾಧನದಲ್ಲಿ ಹಳೆಯ ಕೋಡ್ ಭದ್ರವಾಗಿರುತ್ತದೆ, ನಿಜ. ಆದರೆ ಟೆಸ್ಟ್ ಓಡುವುದು ಕೋಡ್ ಒಂದರ ಮೇಲಲ್ಲ. ಆ ದಿನದ ಆಪರೇಟಿಂಗ್ ಸಿಸ್ಟಮ್, ಆ ದಿನ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಲೈಬ್ರರಿ, ಆ ದಿನ ಡೇಟಾಬೇಸಿನಲ್ಲಿದ್ದ ಮಾಹಿತಿ, ಆ ಗಳಿಗೆಯಲ್ಲಿ ಸರ್ವರಿನ ಮೇಲಿದ್ದ ಹೊರೆ ಎಲ್ಲವೂ ಸೇರಿ ಫಲಿತಾಂಶ ಬರುತ್ತದೆ. ಆರು ತಿಂಗಳಾದ ಮೇಲೆ ಅದೇ ಕೋಡ್ ಓಡಿಸಿದರೆ ನೀವು ಪಡೆಯುವುದು ಇವತ್ತಿನ ಫಲಿತಾಂಶವನ್ನು. ಅಂದಿನದು ಅಂದೇ ಆಗಿಹೋಯಿತು. ಬರೆದಿಟ್ಟಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಇದಕ್ಕೆ ನನಗೆ ತಿಳಿದ ಒಳ್ಳೆಯ ನಿದರ್ಶನ ಮಂಗಳ ಗ್ರಹದ್ದು. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ನೌಕೆ ಮಂಗಳದ ಮೇಲೆ ಇಳಿಯಿತು. ಇಳಿದದ್ದೇನೋ ಚೆನ್ನಾಗಿಯೇ ಇಳಿಯಿತು, ಚಿತ್ರಗಳನ್ನೂ ಕಳಿಸಿತು. ಆದರೆ ಹವಾಮಾನದ ಮಾಹಿತಿ ಕಲೆಹಾಕಲು ತೊಡಗಿದ ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತನ್ನಷ್ಟಕ್ಕೆ ರೀಸೆಟ್ ಆಗತೊಡಗಿತು. ರೀಸೆಟ್ ಆದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಹೋಗುತ್ತಿತ್ತು.

ಒಳಗೆ ಆಗುತ್ತಿದ್ದುದು ಇಷ್ಟು. ನೌಕೆಯ ಸಾಫ್ಟ್‌ವೇರ್‌ನಲ್ಲಿ ಕೆಲಸಗಳಿಗೆ ಒಂದೊಂದು ದರ್ಜೆ. ಮಾಹಿತಿ ಹಂಚುವ ಕೆಲಸಕ್ಕೆ ಮೇಲಿನ ದರ್ಜೆ, ಹವಾಮಾನದ ಕೆಲಸಕ್ಕೆ ಕೆಳಗಿನದು. ಎರಡಕ್ಕೂ ಬೇಕಾದ ಒಂದು ಬೀಗ ನಡುವೆ ಇತ್ತು. ಹವಾಮಾನದ ಕೆಲಸ ಆ ಬೀಗವನ್ನು ಹಿಡಿದುಕೊಂಡಿರುವಾಗಲೇ ಮಧ್ಯಮ ದರ್ಜೆಯ ಇನ್ನೊಂದು ಕೆಲಸ ಬಂದು ಅದನ್ನು ಬದಿಗೆ ಸರಿಸಿಬಿಡುತ್ತಿತ್ತು. ಬೀಗ ಬಿಡುಗಡೆಯಾಗದೆ ಮೇಲಿನ ದರ್ಜೆಯದು ಸುಮ್ಮನೆ ಕಾಯಬೇಕು. ಹೊತ್ತಿಗೆ ಸರಿಯಾಗಿ ಕೆಲಸ ಮುಗಿದಿದೆಯೇ ಎಂದು ನೋಡುವ ಭಾಗ, ಮುಗಿದಿಲ್ಲವೆಂದು ಕಂಡು ಇಡೀ ಕಂಪ್ಯೂಟರನ್ನು ರೀಸೆಟ್ ಮಾಡುತ್ತಿತ್ತು. ಮೂರೂ ಕೆಲಸಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ಎದುರುಬದುರಾದರೆ ಮಾತ್ರ ಈ ತೊಂದರೆ. ಹೆಚ್ಚಿನ ಸಲ ಏನೂ ಆಗುತ್ತಿರಲಿಲ್ಲ.

ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳು ಭೂಮಿಯ ಮೇಲಿದ್ದ ನೌಕೆಯ ಪ್ರತಿರೂಪದಲ್ಲಿ ಅದೇ ಸಾಫ್ಟ್‌ವೇರ್ ಓಡಿಸಿದರು. ಯಾವ ಕೆಲಸ ಯಾವಾಗ ಶುರುವಾಯಿತು, ಯಾವುದು ಯಾವುದಕ್ಕೆ ಕಾಯಿತು ಎಂದು ಒಂದೊಂದನ್ನೂ ಬರೆದಿಡುವ ಟ್ರೇಸ್ ಸೌಲಭ್ಯವನ್ನು ಜೊತೆಯಲ್ಲಿ ಚಾಲೂ ಇಟ್ಟರು. ತೊಂದರೆ ಮರುಕಳಿಸಿತು. ಆ ಗಳಿಗೆಯ ಹಿಂದುಮುಂದೆಲ್ಲ ದಾಖಲಾಗಿದ್ದರಿಂದ ಕಾರಣವೂ ಕೈಗೆ ಸಿಕ್ಕಿತು. ಸಾಫ್ಟ್‌ವೇರ್‌ನಲ್ಲಿ ಒಂದು ಆಯ್ಕೆಯನ್ನು ಬದಲಿಸಿ ಆ ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು, ರೀಸೆಟ್ ನಿಂತಿತು.

ಈ ಕಥೆಯಲ್ಲಿ ನಮಗೆ ಬೇಕಾದ ಸಂಗತಿ ಇನ್ನೊಂದು. ನೌಕೆಯ ಸಾಫ್ಟ್‌ವೇರ್ ತಂಡದ ಮುಖ್ಯಸ್ಥರಾಗಿದ್ದ ಗ್ಲೆನ್ ರೀವ್ಸ್ ಆಮೇಲೆ ಇದರ ಬಗ್ಗೆ ವಿವರವಾಗಿ ಬರೆದರು. ಈ ರೀಸೆಟ್ ಇಳಿಯುವುದಕ್ಕೆ ಮೊದಲೇ, ಪರೀಕ್ಷೆಯಲ್ಲೇ ಕಂಡಿತ್ತಂತೆ. ಬೆನ್ನುಹತ್ತಿದಾಗ ಅದು ಮರುಕಳಿಸಲಿಲ್ಲ. ಮಂಗಳದ ಮೇಲೆ ಸುರಕ್ಷಿತವಾಗಿ ಇಳಿಸುವ ಸಾಫ್ಟ್‌ವೇರ್ ಮೇಲೆ ಎಲ್ಲರ ಗಮನವಿದ್ದ ಕಾಲ ಅದು. ಮತ್ತೆ ಓಡಿಸಿದರಾಯಿತು ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮತ್ತೆ ಓಡಿಸಿದರೆ ಮತ್ತೆ ಫೇಲಾಗುವ ಟೆಸ್ಟ್ ನಮ್ಮನ್ನು ಅಷ್ಟೇನೂ ಕಾಡುವುದಿಲ್ಲ. ಅದನ್ನು ಹಿಡಿಯುವುದು ಸುಲಭ. ಒಂದೇ ಸಲ ಮುಖ ತೋರಿಸಿ ಮರೆಯಾಗುವ ಫೇಲ್ ಇದೆಯಲ್ಲ, ಅದರ ಪಾಲಿಗೆ ಉಳಿಯುವುದು ಆ ಒಂದು ಸಲದ ದಾಖಲೆ ಮಾತ್ರ.

ಇಂಥ ಚಂಚಲ ಟೆಸ್ಟ್‌ಗಳನ್ನು ನಮ್ಮ ಟೆಸ್ಟರ್‌ಗಳು ಫ್ಲೇಕಿ ಎನ್ನುತ್ತಾರೆ. ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್. ಇವು ಅಪರೂಪವೇನಲ್ಲ. ಗೂಗಲ್ ಕಂಪನಿಯ ಜಾನ್ ಮಿಕ್ಕೊ 2016ರಲ್ಲಿ ತಮ್ಮಲ್ಲಿನ ಲೆಕ್ಕವನ್ನು ಪ್ರಕಟಿಸಿದರು. ಅಲ್ಲಿನ ಟೆಸ್ಟ್‌ಗಳಲ್ಲಿ ಹೆಚ್ಚುಕಡಿಮೆ ಶೇಕಡ 16ರಷ್ಟಕ್ಕೆ ಈ ಚಂಚಲತೆ ಇತ್ತು. ಅದುವರೆಗೆ ಪಾಸಾಗುತ್ತಿದ್ದ ಟೆಸ್ಟ್ ಇದ್ದಕ್ಕಿದ್ದಂತೆ ಫೇಲಾದ ಸಂದರ್ಭಗಳಲ್ಲಿ ಶೇಕಡ 84ರಷ್ಟು ಫ್ಲೇಕಿ ಟೆಸ್ಟ್‌ಗಳಿಗೆ ಸೇರಿದವು. ನೂರು ಸಲ ಕೆಂಪು ದೀಪ ಹೊತ್ತಿಕೊಂಡರೆ ಎಂಬತ್ತನಾಲ್ಕು ಸಲ ಅದರ ಹಿಂದೆ ಚಂಚಲ ಟೆಸ್ಟ್ ಇತ್ತು ಎಂದಾಯಿತು. ಈ ಲೆಕ್ಕ ಹಾಕಲು ಅವರಿಗೆ ಸಾಧ್ಯವಾದದ್ದು ಹಳೆಯ ಫಲಿತಾಂಶಗಳನ್ನು ಉಳಿಸಿಕೊಂಡಿದ್ದರಿಂದ. ನಿನ್ನೆಯದನ್ನು ಅಳಿಸಿದವರಿಗೆ ಇವತ್ತಿನ ಕೆಂಪು ನಿಜವೋ ಸುಳ್ಳೋ ತಿಳಿಯುವ ದಾರಿಯೇ ಇಲ್ಲ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಪ್ರತಿ ಬೆಳಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆದಿಡುವ ರೂಢಿಯಿದೆ. ಮಳೆ ಬೀಳದ ದಿನ ಸೊನ್ನೆ. ಒಂದು ದಿನದ ಅಂಕಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಮೂವತ್ತು ವರ್ಷದ ಪುಸ್ತಕ ಮುಂದಿಟ್ಟುಕೊಂಡಾಗ ಹೂಮಳೆ ಯಾವ ವಾರಕ್ಕೆ ಸರಿಯುತ್ತಿದೆ ಎಂದು ಕಾಣುತ್ತದೆ. ಟೆಸ್ಟ್ ಫಲಿತಾಂಶವೂ ಹಾಗೆಯೇ. ಸೊನ್ನೆಗಳ ಸಾಲು ಇದ್ದರೆ ತಾನೆ ಮಳೆಯ ದಿನ ಎದ್ದು ಕಾಣುವುದು?

ನಮ್ಮ ದೇಶದ ಎಂಜಿನಿಯರುಗಳಿಗೆ ಚೆನ್ನಾಗಿ ಪರಿಚಯವಿರುವ ಒಂದು ತೊಡಕನ್ನೇ ನೋಡಿ. ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮಲ್ಲಿ ರಾತ್ರಿ ಹನ್ನೆರಡು ಹೊಡೆದು ತಾರೀಖು ಬದಲಾದರೂ ಸರ್ವರಿನಲ್ಲಿ ಬೆಳಗಿನ ಐದೂವರೆಯವರೆಗೆ ಹಿಂದಿನ ದಿನವೇ. ಇವತ್ತಿನ ವಹಿವಾಟುಗಳನ್ನು ತೋರಿಸು ಎಂದು ಕೇಳುವ ಟೆಸ್ಟನ್ನು ಈ ವ್ಯತ್ಯಾಸ ಗಮನಿಸದೆ ಬರೆದರೆ ಆ ಐದೂವರೆ ಗಂಟೆಯಲ್ಲಿ ಫೇಲಾಗುತ್ತದೆ, ಹಗಲಲ್ಲಿ ಪಾಸಾಗುತ್ತದೆ. ಬೆಳಗ್ಗೆ ಕಚೇರಿಗೆ ಬಂದವರು ಮತ್ತೆ ಓಡಿಸಿ, ಹಸಿರು ನೋಡಿ, ಏನೋ ನೆಟ್‌ವರ್ಕ್ ಸಮಸ್ಯೆ ಇರಬೇಕು ಎಂದು ಕಾಫಿಗೆ ಹೋಗುತ್ತಾರೆ. ಮೂರು ತಿಂಗಳ ಫೇಲ್‌ಗಳನ್ನು ವೇಳೆ ಸಮೇತ ಸಾಲಾಗಿ ಇಟ್ಟು ನೋಡಿದವರಿಗೆ ಮಾತ್ರ ಎಲ್ಲವೂ ಹನ್ನೆರಡರಿಂದ ಐದೂವರೆಯೊಳಗೇ ಬಿದ್ದಿರುವುದು ಕಣ್ಣಿಗೆ ಬೀಳುತ್ತದೆ. ಅಷ್ಟು ಕಂಡರೆ ತಪ್ಪು ಸಿಕ್ಕಿದ ಹಾಗೆಯೇ.

ಹಾಗಾದರೆ ಯಾವುದನ್ನು ಉಳಿಸಬೇಕು? ಪಾಸ್ ಅಥವಾ ಫೇಲ್ ಎಂಬ ಒಂದು ಪದ ಸಾಲದು. ಯಾವ ಕೋಡ್ ಎಂಬುದು ಪ್ರತಿ ಬದಲಾವಣೆಗೂ ಗಿಟ್ ಕೊಡುವ ಕಮಿಟ್ ಸಂಖ್ಯೆಯ ಸಮೇತ ಇರಬೇಕು. ಬಿಲ್ಡ್ ನಂಬರ್ ಒಂದನ್ನೇ ನಂಬಬಾರದು. ಸರ್ವರ್ ಬದಲಾದ ದಿನ ಆ ನಂಬರ್ ಮತ್ತೆ ಒಂದರಿಂದ ಶುರುವಾಗಬಹುದು. ಯಾವ ಯಂತ್ರ, ಯಾವ ಆಪರೇಟಿಂಗ್ ಸಿಸ್ಟಮ್, ಲೈಬ್ರರಿಗಳ ಯಾವ ಆವೃತ್ತಿ ಎಂಬುದಿರಬೇಕು. ವೇಳೆ, ಜೊತೆಗೆ ಅದು ಯಾವ ಗಡಿಯಾರದ ವೇಳೆ ಎಂಬುದೂ ಇರಬೇಕು. ಯಾದೃಚ್ಛಿಕ ಅಂಕಿಗಳನ್ನು ಬಳಸುವ ಟೆಸ್ಟಾದರೆ ಆ ಅಂಕಿಗಳು ಹುಟ್ಟಿದ ಮೂಲ ಸಂಖ್ಯೆ, ಅಂದರೆ ಸೀಡ್, ಇರಲೇಬೇಕು. ಅದಿಲ್ಲದೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಲಾಗದು. ಫೇಲಾಗಿದ್ದರೆ ಪೂರ್ತಿ ಲಾಗ್ ಮತ್ತು ಪರದೆಯ ಚಿತ್ರ.

ಎಷ್ಟು ಟೆಸ್ಟ್‌ಗಳು ಓಡಬೇಕಿತ್ತು, ಎಷ್ಟು ಓಡಿದವು ಎಂಬ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ನಾಲ್ಕು ಸಾವಿರ ಟೆಸ್ಟ್‌ಗಳಲ್ಲಿ ನಾನೂರು ಓಡದೆಯೇ ಉಳಿದು, ಓಡಿದವೆಲ್ಲ ಪಾಸಾದರೆ ಪರದೆ ಹಸಿರಾಗಿಯೇ ಇರುತ್ತದೆ. ಹಿಂದಿನ ವಾರದ ಎಣಿಕೆ ಪಕ್ಕದಲ್ಲಿದ್ದರೆ ಮಾತ್ರ ಈ ಮೋಸ ಬಯಲಾಗುತ್ತದೆ. 1987ರಲ್ಲಿ ಲ್ಯಾರಿ ವಾಲ್ ಅವರ ಪರ್ಲ್ ಭಾಷೆಯ ಜೊತೆ ಹುಟ್ಟಿ, ಇಂದಿಗೂ ಟ್ಯಾಪ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿರುವ ಫಲಿತಾಂಶದ ರೂಪ ಇದಕ್ಕೆ ಸರಳ ಉಪಾಯ ಇಟ್ಟುಕೊಂಡಿದೆ. ಇಂತಿಷ್ಟು ಟೆಸ್ಟ್‌ಗಳಿವೆ ಎಂದು ಒಂದು ಸಾಲು, ಉಳಿದಂತೆ ಓಕೆ 1, ಓಕೆ 2, ನಾಟ್ ಓಕೆ 3 ಎಂದು ಒಂದೊಂದಾಗಿ. ಹತ್ತು ಎಂದು ಹೇಳಿ ಏಳಕ್ಕೇ ನಿಂತರೆ ಪ್ರೋಗ್ರಾಮ್ ನಡುವೆ ಸತ್ತಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಇನ್ನೊಂದು ಜನಪ್ರಿಯ ರೂಪ ಜೆಯುನಿಟ್ ಎಕ್ಸ್ಎಂಎಲ್. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ವಿಮಾನದಲ್ಲಿ ಕುಳಿತು ಜೆಯುನಿಟ್ ಎಂಬ ಟೆಸ್ಟ್ ಸಾಧನವನ್ನು ಬರೆಯತೊಡಗಿದರು. ಅದರ ಹೆಸರಿನಲ್ಲಿ ಓಡಾಡುವ ಈ ಕಡತರೂಪ ಬಳಕೆಯಿಂದಲೇ ಎಲ್ಲೆಡೆ ನಿಂತಿತು. ಎರಡರ ಗುಣವೂ ಒಂದೇ: ಸಾದಾ ಅಕ್ಷರಗಳ ಕಡತ. ಫಲಿತಾಂಶ ತೋರಿಸುವ ಇಂದಿನ ಡ್ಯಾಶ್‌ಬೋರ್ಡ್ ಕಂಪನಿ ನಾಳೆ ಬಾಗಿಲು ಹಾಕಿದರೂ ಈ ಕಡತವನ್ನು ತೆರೆದು ಓದಬಹುದು.

ಡಿಸ್ಕ್ ತುಂಬುತ್ತದಲ್ಲ ಎನ್ನುವ ದೂರಿಗೂ ಲೆಕ್ಕ ಹಾಕಿಯೇ ಉತ್ತರ ಹೇಳೋಣ. ಐದು ಸಾವಿರ ಟೆಸ್ಟ್‌ಗಳು ದಿನಕ್ಕೆ ಇಪ್ಪತ್ತು ಸಲ ಓಡಿದರೆ ಒಂದು ಲಕ್ಷ ಫಲಿತಾಂಶ. ಹೆಸರು, ವೇಳೆ, ಕಮಿಟ್, ಫಲಿತಾಂಶ ಎಲ್ಲ ಸೇರಿ ಒಂದಕ್ಕೆ 200 ಬೈಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 20 ಎಂಬಿ, ವರ್ಷಕ್ಕೆ ಸುಮಾರು 7.3 ಜಿಬಿ. ಒತ್ತಿ ಚಿಕ್ಕದು ಮಾಡದಿದ್ದರೂ ಸಾಮಾನ್ಯ ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಡಿಸ್ಕ್ ತಿನ್ನುವುದು ಈ ಸಾಲುಗಳಲ್ಲ. ಪಾಸಾದ ಟೆಸ್ಟ್‌ಗಳ ಉದ್ದುದ್ದ ಲಾಗ್‌ಗಳು, ಪರದೆಯ ವಿಡಿಯೊಗಳು, ಬಿಲ್ಡ್ ಜೊತೆ ಬಂದ ದಪ್ಪ ಕಡತಗಳು ಅದನ್ನು ತಿನ್ನುತ್ತವೆ. ಹಾಗಾಗಿ ಒಂದೇ ಕತ್ತರಿಯಲ್ಲಿ ಎಲ್ಲವನ್ನೂ ಕತ್ತರಿಸಬೇಡಿ. ಸಾಲುಗಳನ್ನು ಸದಾಕಾಲ ಇಡಿ. ಫೇಲಾದದ್ದರ ಲಾಗ್ ವರ್ಷಗಟ್ಟಲೆ ಇಡಿ. ಗ್ರಾಹಕರ ಕೈಗೆ ಹೋದ ರಿಲೀಸ್‌ನ ಫಲಿತಾಂಶವನ್ನು ಆ ರಿಲೀಸ್ ಬಳಕೆಯಲ್ಲಿರುವಷ್ಟು ಕಾಲವೂ ಇಡಿ. ಪಾಸಾದದ್ದರ ವಿಡಿಯೊವನ್ನು ಎರಡು ವಾರಕ್ಕೆ ಎಸೆಯಿರಿ, ಯಾರೂ ಅಳುವುದಿಲ್ಲ.

ಕೆಲವು ಕೆಲಸಗಳಲ್ಲಿ ಇಡುವುದೋ ಬಿಡುವುದೋ ಎಂಬ ಆಯ್ಕೆಯೇ ನಮ್ಮದಲ್ಲ. ಪ್ರಯಾಣಿಕ ವಿಮಾನಗಳ ಸಾಫ್ಟ್‌ವೇರ್‌ಗೆ 2011ರ ಡಿಒ-178ಸಿ ಎಂಬ ಮಾನದಂಡವಿದೆ. ಪರೀಕ್ಷಿಸಿದ ಆವೃತ್ತಿ ಯಾವುದು ಎಂದು ಗುರುತಿಸಬೇಕು, ಕೊನೆಯ ಫಲಿತಾಂಶದ ಜೊತೆಗೆ ನಡುವೆ ಯಾವುದು ಪಾಸಾಯಿತು, ಯಾವುದು ಫೇಲಾಯಿತು ಎಂಬುದೂ ದಾಖಲಾಗಬೇಕು ಎಂದು ಅದು ಹೇಳುತ್ತದೆ. ನಡುವಿನದೂ ಎಂಬ ಮಾತನ್ನು ಗಮನಿಸಿ. ಹಸಿರು ಬರುವವರೆಗೆ ಓಡಿಸಿ, ಕೊನೆಯ ಹಸಿರನ್ನು ಮಾತ್ರ ಇಟ್ಟುಕೊಳ್ಳುವ ಚಾಳಿಗೆ ಅಲ್ಲಿ ಜಾಗವಿಲ್ಲ. ಯುರೋಪಿನ 2017ರ ವೈದ್ಯಕೀಯ ಸಾಧನಗಳ ನಿಯಮದ ಪ್ರಕಾರ ಸಾಧನದ ತಾಂತ್ರಿಕ ದಾಖಲೆಗಳನ್ನು ಕೊನೆಯ ಸಾಧನ ಮಾರುಕಟ್ಟೆಗೆ ಬಂದಮೇಲೆ 10 ವರ್ಷ, ದೇಹದೊಳಗೆ ಅಳವಡಿಸುವಂಥದ್ದಾದರೆ 15 ವರ್ಷ ಕಾಪಾಡಬೇಕು; ಪರೀಕ್ಷೆಯ ದಾಖಲೆಗಳೂ ಅದರೊಳಗೆ ಬರುತ್ತವೆ. ಇಂಥ ವಿಮಾನ, ಇಂಥ ಸಾಧನಗಳ ಸಾಫ್ಟ್‌ವೇರ್ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತದೆ. ಅಲ್ಲಿ ದುಡಿದ ಟೆಸ್ಟರ್ ಬೇರೆ ಕಂಪನಿಗೆ ಹೋಗಿರಬಹುದು, ತಂಡವೇ ಚದುರಿರಬಹುದು; ದಾಖಲೆ ಮಾತ್ರ ಮಾತಾಡುವ ಸ್ಥಿತಿಯಲ್ಲಿರಬೇಕು.

ಕಾನೂನಿನ ಹೆದರಿಕೆಯಿಲ್ಲದೆ, ಪ್ರೀತಿಯಿಂದಲೇ ಇದನ್ನು ಮಾಡಿದವರೂ ಇದ್ದಾರೆ. ಪರ್ಲ್ ಭಾಷೆಯ ಬಳಗದವರು 1998ರಲ್ಲಿ ಸಿಪ್ಯಾನ್ ಟೆಸ್ಟರ್ಸ್ ಎಂಬ ಕೆಲಸ ಶುರು ಮಾಡಿದರು. ಯಾರಾದರೂ ಒಂದು ಹೊಸ ಮಾಡ್ಯೂಲ್ ಬರೆದು ಹಂಚಿದರೆ ಬೇರೆ ಬೇರೆ ಊರುಗಳ ಸ್ವಯಂಸೇವಕರು ತಂತಮ್ಮ ಯಂತ್ರಗಳಲ್ಲಿ ಅದರ ಟೆಸ್ಟ್‌ಗಳನ್ನು ಓಡಿಸಿ ವರದಿ ಕಳಿಸುತ್ತಾರೆ. ಹಾಗೆ ಸೇರಿದ ವರದಿಗಳು ಕೋಟಿ ದಾಟಿವೆ. ಬರೆದವರ ಬಳಿ ಇರುವುದು ಒಂದೇ ಲ್ಯಾಪ್‌ಟಾಪ್. ಆದರೂ ತಾವು ಕಣ್ಣಿಂದಲೂ ಕಾಣದ ಯಂತ್ರದಲ್ಲಿ, ಹಳೆಯ ಯಾವುದೋ ಆಪರೇಟಿಂಗ್ ಸಿಸ್ಟಮ್‌ನಲ್ಲಿ ತಮ್ಮ ಕೋಡ್ ಎಡವಿದ್ದು ಅವರಿಗೆ ತಿಳಿಯುತ್ತದೆ. ಸಂಗ್ರಹ ತೆರೆದಿರುವುದರಿಂದ ಬೇರೆಯವರೂ ಅದನ್ನು ನೋಡಿ, ಈ ಮಾಡ್ಯೂಲ್ ನಮ್ಮ ಯಂತ್ರಕ್ಕೆ ಆಗುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸಬಹುದು.

ಇಡುವ ಉತ್ಸಾಹದಲ್ಲಿ ಒಂದು ಅಪಾಯವನ್ನು ಮರೆಯಬಾರದು. ಲಾಗ್‌ಗಳಲ್ಲಿ ಪಾಸ್‌ವರ್ಡ್‌ಗಳು ಸೋರಿಬಿಡುತ್ತವೆ. ಟೆಸ್ಟ್ ಮಾಡಲು ನಿಜವಾದ ಗ್ರಾಹಕರ ಮಾಹಿತಿ ಬಳಸಿದ್ದರೆ ಪರದೆಯ ಚಿತ್ರದಲ್ಲಿ ಯಾರದೋ ಫೋನ್ ನಂಬರು, ಆಧಾರ್ ಸಂಖ್ಯೆ ಕುಳಿತಿರುತ್ತದೆ. ಇಂಥದ್ದನ್ನು ಹತ್ತು ವರ್ಷ ಜೋಪಾನ ಮಾಡುವುದೆಂದರೆ ಅಪಾಯವನ್ನೇ ಜೋಪಾನ ಮಾಡಿದಂತೆ. ನಮ್ಮಲ್ಲೂ ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಟೆಸ್ಟ್‌ಗೆ ಕಲ್ಪಿತ ಹೆಸರು, ಕಲ್ಪಿತ ಖಾತೆಗಳನ್ನೇ ಬಳಸಿ. ಲಾಗ್ ಸಂಗ್ರಹಕ್ಕೆ ಹೋಗುವ ಮೊದಲೇ ಗುಟ್ಟಿನ ಮಾತುಗಳನ್ನು ಮರೆಮಾಡಿ. ಆಮೇಲೆ ತೊಳೆಯಲು ಹೊರಟರೆ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮಗೇ ಅನ್ವಯಿಸುತ್ತದೆ.

ಸಂಗ್ರಹಕ್ಕೆ ಒಮ್ಮೆ ಸೇರಿದ್ದನ್ನು ಯಾರೂ ತಿದ್ದಲಾಗಬಾರದು. ಮತ್ತೆ ಓಡಿಸಿದ ಫಲಿತಾಂಶ ಹಳೆಯದರ ಮೇಲೆ ಕೂರದೆ ಅದರ ಪಕ್ಕದಲ್ಲಿ ಕೂರಬೇಕು. ಟೆಸ್ಟ್ ಓಡಿಸುವ ಸರ್ವರಿನಲ್ಲೇ ಸಂಗ್ರಹವೂ ಇದ್ದರೆ ಒಂದು ಡಿಸ್ಕ್ ಕೆಟ್ಟ ದಿನ ಎರಡೂ ಹೋಗುತ್ತವೆ, ಜಾಗ ಬೇರೆಯಿರಲಿ. ಇದಕ್ಕೆಲ್ಲ ದುಬಾರಿ ಸಾಧನ ಬೇಕಿಲ್ಲ. ಕಾಲೇಜಿನ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳೂ ಪ್ರತಿ ಓಟದ ಫಲಿತಾಂಶ ಕಡತವನ್ನು ತಾರೀಖು ಮತ್ತು ಕಮಿಟ್ ಸಂಖ್ಯೆಯ ಹೆಸರಿನಲ್ಲಿ ಒಂದು ಫೋಲ್ಡರಿಗೆ ಸೇರಿಸುತ್ತಾ ಹೋದರೆ ಸಾಕು. ಮುಂದೆ ಬೇಕಾದಾಗ ಡೇಟಾಬೇಸ್ ಕಟ್ಟಿಕೊಳ್ಳಬಹುದು. ಕಡತವೇ ಇಲ್ಲದಿದ್ದರೆ ಕಟ್ಟುವುದೇನನ್ನು?

ನಿಮ್ಮ ತಂಡದ ಸಂಗ್ರಹ ಸರಿಯಾಗಿದೆಯೇ ಎಂದು ತಿಳಿಯಲು ಮುಂದಿನ ರಿಲೀಸ್‌ಗೆ ಮೊದಲು ಹೀಗೆ ಮಾಡಿ. ಒಂದು ವರ್ಷದ ಹಿಂದೆ ಫೇಲಾದ ಒಂದು ಟೆಸ್ಟನ್ನು ಹುಡುಕಿ ತೆಗೆಯಿರಿ. ತಂಡಕ್ಕೆ ಹೊಸದಾಗಿ ಸೇರಿದವರ ಕೈಗೆ ಕೊಟ್ಟು, ಅಂದು ಏನಾಯಿತು ಹೇಳಿ ಎಂದು ಕೇಳಿ. ಹಳಬರನ್ನು ವಿಚಾರಿಸದೆ, ಕಡತವೊಂದನ್ನೇ ನೋಡಿ ಅವರು ಹೇಳಬಲ್ಲರಾದರೆ ನಿಮ್ಮಲ್ಲಿ ಸಂಗ್ರಹವಿದೆ. ಹೇಳಲಾಗದಿದ್ದರೆ ಇರುವುದು ತುಂಬಿದ ಡಿಸ್ಕ್ ಅಷ್ಟೆ. ಏನು ಬರೆದಿಡಬೇಕಿತ್ತು ಎಂಬುದನ್ನು ಅವರು ಕೇಳುವ ಮೊದಲ ಪ್ರಶ್ನೆಯೇ ನಿಮಗೆ ತಿಳಿಸುತ್ತದೆ. ಆ ಪ್ರಶ್ನೆಯ ಉತ್ತರವನ್ನು ನಾಳೆಯ ಓಟದಿಂದಲೇ ದಾಖಲೆಗೆ ಸೇರಿಸಿ.